ತೂತು ಕೊರೆದು ಜನರನ್ನು ಎಣಿಸಿದ ಗಣಿ ಎಂಜಿನಿಯರ್ : ಹರ್ಮನ್ ಹಾಲರಿತ್



ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಮೊದಲ ಸಲ ಕೀಲಿಮಣೆ ಮುಂದೆ ಕೂತ ದಿನ ನಿಮಗೆ ನೆನಪಿದೆಯಾ? ನನಗಂತೂ ಕೈ ನಡುಗಿತ್ತು. ಯಾವ ಗುಂಡಿ ಒತ್ತಿದರೆ ಏನು ಕೆಟ್ಟುಹೋಗುತ್ತೋ ಅನ್ನೋ ಭಯ. ಮೇಷ್ಟ್ರು ನಮ್ಮ ನಮ್ಮ ಹೆಸರು ಹೊಡೆಯಲು ಹೇಳಿದರು. ನಾನು ಹುಡುಕಿ ಹುಡುಕಿ ಒಂದೊಂದೇ ಅಕ್ಷರ ಒತ್ತಿದೆ. ಪ್ರಿಂಟರ್ ಕರ್ರ್ ಕರ್ರ್ ಅಂತ ಶಬ್ದ ಮಾಡಿ ಕಾಗದ ಹೊರಗೆ ಹಾಕಿತು. ನೋಡಿದರೆ ನನ್ನ ಹೆಸರಲ್ಲೇ ಒಂದು ಅಕ್ಷರ ತಪ್ಪು! ಎಲ್ಲರೂ ನಕ್ಕರು. ನಾನೂ ನಕ್ಕೆ.

ಆದರೆ ಮನೆಗೆ ಹೋಗಿ ಹೇಳಿದಾಗ ನಮ್ಮ ತಾತ ನಗಲಿಲ್ಲ. ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಅವರಿಗೆ ಬರಬೇಕಿದ್ದ ಹಣದ ಕಾಗದ ಬಂತು. ಅದರಲ್ಲಿ ಅವರ ಹೆಸರಿನ ಒಂದು ಅಕ್ಷರ ತಪ್ಪಾಗಿ ಅಚ್ಚಾಗಿತ್ತಂತೆ. ಆ ಒಂದು ಅಕ್ಷರ ಸರಿ ಮಾಡಿಸೋಕೆ ತಾತ ಎಷ್ಟು ಸಲ ಬಸ್ಸು ಹತ್ತಿದರು, ಎಷ್ಟು ಕಡೆ ಕಾದು ಕೂತರು ಅಂತ ಲೆಕ್ಕವಿಲ್ಲ. ಯಾರೋ ಒಬ್ಬರ ಬೆರಳು ಪಕ್ಕದ ಗುಂಡಿಯ ಮೇಲೆ ಬಿದ್ದಿತ್ತು, ಅಷ್ಟೇ.

ಇನ್ನು ನಮ್ಮ ಅತ್ತೆಯ ಕಥೆ ಬೇರೆ. ಅವರು ಎಸ್ಸೆಸ್ಸೆಲ್ಸಿ ಆದ ಮೇಲೆ ಬಂಗಾರಪೇಟೆಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದರು. ಎ ಎಸ್ ಡಿ ಎಫ್ ಅಂತ ನಿದ್ದೆಯಲ್ಲೂ ಬೆರಳು ಆಡಿಸುತ್ತಿದ್ದರು ಅಂತ ಅಜ್ಜಿ ಈಗಲೂ ತಮಾಷೆ ಮಾಡುತ್ತಾರೆ. ಗಣಿ ಮುಚ್ಚಿ ಮನೆಗೆ ಕಷ್ಟ ಬಂದಾಗ ಆ ಬೆರಳುಗಳೇ ಕೈ ಹಿಡಿದವು. ಅತ್ತೆ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಕಂಪ್ಯೂಟರಿಗೆ ಹೆಸರು, ಊರು, ವಯಸ್ಸು ತುಂಬಿಸುವ ಕೆಲಸ ಮಾಡಿದರು. ರಾತ್ರಿ ರೈಲಿಗೆ ವಾಪಸ್ಸು.

ಒಂದೇ ಮನೆಯಲ್ಲಿ ಕೀಲಿಮಣೆ ಒಬ್ಬರನ್ನು ಅಲೆಸಿತು, ಒಬ್ಬರಿಗೆ ಅನ್ನ ಕೊಟ್ಟಿತು. ಹಾಗಾದರೆ ಮನುಷ್ಯರ ವಿವರವನ್ನೆಲ್ಲ ಗುಂಡಿ ಒತ್ತಿ ಯಂತ್ರಕ್ಕೆ ಕೊಡಬಹುದು ಅಂತ ಮೊದಲು ಯೋಚಿಸಿದವರು ಯಾರು? ಹುಡುಕುತ್ತಾ ಹೋದಾಗ ಸಿಕ್ಕಿದ ಹೆಸರೇ ಹರ್ಮನ್ ಹಾಲರಿತ್. ಇನ್ನೊಂದು ಆಶ್ಚರ್ಯ ಏನು ಗೊತ್ತಾ? ಅವರು ಓದಿದ್ದು ಗಣಿ ಎಂಜಿನಿಯರಿಂಗ್!

ಸ್ಪೆಲ್ಲಿಂಗ್ ಬಾರದ ಹುಡುಗ

ಹರ್ಮನ್ ಹಾಲರಿತ್ 1860ರ ಫೆಬ್ರವರಿ 29ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೊ ಎಂಬ ಊರಿನಲ್ಲಿ ಹುಟ್ಟಿದರು. ಅಂದರೆ ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಹುಟ್ಟುಹಬ್ಬ! ತಂದೆ ತಾಯಿ ಜರ್ಮನಿಯಿಂದ ವಲಸೆ ಬಂದವರು. ಹರ್ಮನ್ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯೇ ಮಕ್ಕಳನ್ನು ಸಾಕಿದರು.

ಹುಡುಗ ಲೆಕ್ಕದಲ್ಲಿ ಚುರುಕು. ಆದರೆ ಸ್ಪೆಲ್ಲಿಂಗ್ ಅಂದರೆ ಜ್ವರ ಬರುತ್ತಿತ್ತು. ನಮ್ಮಲ್ಲಿ ಕೆಲವರಿಗೆ ಉಕ್ತಲೇಖನ ಅಂದರೆ ಹೊಟ್ಟೆನೋವು ಬರುತ್ತಲ್ಲ, ಹಾಗೆ. ಸ್ಪೆಲ್ಲಿಂಗ್ ಪಾಠ ಬಂದ ಕೂಡಲೇ ತರಗತಿಯಿಂದ ಜಾರಿಕೊಳ್ಳುತ್ತಿದ್ದ. ಒಂದು ದಿನ ಮೇಷ್ಟ್ರು ಬಾಗಿಲು ಹಾಕಿಬಿಟ್ಟರಂತೆ. ಹುಡುಗ ಮಹಡಿಯ ಕಿಟಕಿಯಿಂದ ಹೊರಗೆ ಹಾರಿ ಓಡಿಹೋದ ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. (ಗೆಳೆಯರೆ, ಇದನ್ನು ಯಾರೂ ಮಾಡಿ ನೋಡಬೇಡಿ!) ಆಮೇಲೆ ಅವನನ್ನು ಶಾಲೆ ಬಿಡಿಸಿ ಒಬ್ಬ ಪಾದ್ರಿಯವರ ಹತ್ತಿರ ಮನೆಪಾಠಕ್ಕೆ ಹಾಕಿದರು. ಅಲ್ಲಿ ಹುಡುಗ ಹಿಡಿದು ಕೂತು ಓದಿದ.

ಒಂದು ಪಾಠ ಬರಲಿಲ್ಲ ಅಂದ ಮಾತ್ರಕ್ಕೆ ಹುಡುಗ ದಡ್ಡ ಅಂತ ತೀರ್ಮಾನ ಮಾಡಿಬಿಟ್ಟಿದ್ದರೆ ಮುಂದಿನ ಕಥೆಯೇ ನಡೆಯುತ್ತಿರಲಿಲ್ಲ. ಇದನ್ನು ನಮ್ಮ ಗುರುಗಳೂ ಓದುತ್ತಾರೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ಗಣಿ ಕಾಲೇಜಿನ ವಿದ್ಯಾರ್ಥಿ

ಹಾಲರಿತ್ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನ ಗಣಿ ಶಾಲೆಗೆ ಸೇರಿದರು. 1879ರಲ್ಲಿ, 19ನೇ ವಯಸ್ಸಿಗೇ ಗಣಿ ಎಂಜಿನಿಯರ್ ಪದವಿ ಪಡೆದರು.

ಇದೇ ಹೊತ್ತಿಗೆ ನಮ್ಮ ಕಡೆ ಏನಾಗುತ್ತಿತ್ತು ನೋಡಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪೆನಿ ಕೋಲಾರದ ಚಿನ್ನದ ಗಣಿಗಳಿಗೆ ಕಾಲಿಟ್ಟಿತು. ಹೊಸದಾಗಿ ಪಾಸಾದ ಒಬ್ಬ ಗಣಿ ಎಂಜಿನಿಯರ್ ಆಗ ಹಡಗು ಹತ್ತಿ ಕೆಜಿಎಫ್‌ಗೇ ಬಂದಿದ್ದರೂ ಬರಬಹುದಿತ್ತು. ಆದರೆ ಹಾಲರಿತ್ ಗಣಿಗೆ ಇಳಿಯಲಿಲ್ಲ. ಅವರ ಮೇಲೆ ಪ್ರೀತಿಯಿದ್ದ ಪ್ರೊಫೆಸರ್ ಟ್ರೋಬ್ರಿಜ್ ಎಂಬುವರು ಅಮೆರಿಕದ ಜನಗಣತಿ ಕಚೇರಿಯಲ್ಲಿ ಕೆಲಸಕ್ಕೆ ಕರೆದರು. ಮಣ್ಣಿನ ಗಣಿ ತಪ್ಪಿತು, ಕಾಗದದ ಗಣಿ ಸಿಕ್ಕಿತು.

ಎಣಿಸಿ ಮುಗಿಯದ ಜನ

ಜನಗಣತಿ ಅಂದರೆ ನಮ್ಮ ಮೇಷ್ಟ್ರುಗಳಿಗೆ ಚೆನ್ನಾಗಿ ಗೊತ್ತು. ನಮ್ಮ ದೇಶದಲ್ಲಿ ಮನೆ ಮನೆ ಬಾಗಿಲು ತಟ್ಟಿ ಬರೆದುಕೊಳ್ಳುವ ಕೆಲಸ ಹೆಚ್ಚಾಗಿ ಅವರದೇ ಅಲ್ವಾ! ಬರೆದುಕೊಳ್ಳೋದು ಅರ್ಧ ಕೆಲಸ. ಅದನ್ನು ಒಟ್ಟು ಮಾಡೋದು ಇನ್ನರ್ಧ ಕೆಲಸ, ಅದೇ ಕಷ್ಟ.

1880ರಲ್ಲಿ ಅಮೆರಿಕದ ಜನಸಂಖ್ಯೆ ಸುಮಾರು 5 ಕೋಟಿ. ಪ್ರತಿಯೊಬ್ಬರ ವಯಸ್ಸು, ಕೆಲಸ, ಹುಟ್ಟಿದ ಊರು, ಮದುವೆ ಎಲ್ಲವನ್ನೂ ದೊಡ್ಡ ದೊಡ್ಡ ಹಾಳೆಗಳಲ್ಲಿ ಬರೆದು ತಂದಿದ್ದರು. ಗುಮಾಸ್ತರು ಆ ಹಾಳೆ ನೋಡುತ್ತಾ ಗೀಟು ಹಾಕಿ ಎಣಿಸಬೇಕು. ನಾಲ್ಕು ಗೀಟು, ಅದರ ಮೇಲೆ ಅಡ್ಡ ಒಂದು ಗೀಟು, ಐದಾಯಿತು. ನಾವು ಕಬಡ್ಡಿ ಪಾಯಿಂಟು ಬರೆಯುತ್ತೇವಲ್ಲ, ಹಾಗೆ 5 ಕೋಟಿ ಜನರನ್ನು! ಗಂಡಸು ಎಷ್ಟು ಅಂತ ತಿಳಿಯಲು ಒಂದು ಸಲ, ರೈತರು ಎಷ್ಟು ಅಂತ ತಿಳಿಯಲು ಇನ್ನೊಂದು ಸಲ, ಗಂಡು ರೈತರಲ್ಲಿ ಮದುವೆಯಾದವರು ಎಷ್ಟು ಅಂತ ಮತ್ತೊಂದು ಸಲ. ಈ ಲೆಕ್ಕ ಪೂರ್ತಿ ಮುಗಿಯೋಕೆ 7 ವರ್ಷಕ್ಕಿಂತ ಹೆಚ್ಚು ಹಿಡಿಯಿತು. 10 ವರ್ಷಕ್ಕೊಮ್ಮೆ ಜನಗಣತಿ, ಜನ ಬೆಳೆಯುತ್ತಲೇ ಇದ್ದಾರೆ. ಹೀಗೇ ಆದರೆ ಒಂದು ಗಣತಿ ಮುಗಿಯುವ ಮುಂಚೆಯೇ ಇನ್ನೊಂದು ಬಂದುಬಿಡುತ್ತಿತ್ತು.

ಆ ಕಚೇರಿಯಲ್ಲಿ ಜಾನ್ ಶಾ ಬಿಲ್ಲಿಂಗ್ಸ್ ಎಂಬ ಹಿರಿಯ ವೈದ್ಯರಿದ್ದರು. ಹುಟ್ಟು ಸಾವಿನ ಅಂಕಿ ಅಂಶ ನೋಡಿಕೊಳ್ಳುತ್ತಿದ್ದರು. ಒಂದು ಸಂಜೆ ಅವರ ಮನೆಯಲ್ಲಿ ಹಾಲರಿತ್‌ಗೆ ಊಟ. ಮಾತಿನ ನಡುವೆ ಈ ಎಣಿಕೆಯನ್ನು ಯಂತ್ರವೇ ಮಾಡುವಂತಿದ್ದರೆ ಎಷ್ಟು ಚೆನ್ನ ಎಂದು ಬಿಲ್ಲಿಂಗ್ಸ್ ಹೇಳಿದರು. ಹಾಲರಿತ್‌ಗೆ ಆ ಮಾತು ಮನಸ್ಸಿಗೆ ನಾಟಿತು. ಮುಂದೆ ಅವರು ಬಂದು ಪಾಲುದಾರರಾಗಿ ಎಂದು ಕರೆದಾಗ ಬಿಲ್ಲಿಂಗ್ಸ್ ಒಪ್ಪಲಿಲ್ಲ. ಸಮಸ್ಯೆ ಬಗೆಹರಿದರೆ ಸಾಕು ಅನ್ನೋದಷ್ಟೇ ಅವರ ಆಸೆ. ಇಂಥ ಹಿರಿಯರು ಸಿಗೋದೂ ಅದೃಷ್ಟವೇ.

ರೈಲಿನ ಟಿಕೆಟ್ಟು ಕಲಿಸಿದ ಪಾಠ

1882ರಲ್ಲಿ ಹಾಲರಿತ್ ಎಂ.ಐ.ಟಿ. ಎಂಬ ದೊಡ್ಡ ವಿದ್ಯಾಸಂಸ್ಥೆಯಲ್ಲಿ ಪಾಠ ಹೇಳಿದರು. ಆಮೇಲೆ ಪೇಟೆಂಟ್ ಕಚೇರಿಯಲ್ಲೂ ಸ್ವಲ್ಪ ಕಾಲ ಕೆಲಸ ಮಾಡಿದರು. ತಲೆಯಲ್ಲಿ ಮಾತ್ರ ಎಣಿಸುವ ಯಂತ್ರದ್ದೇ ಗುಂಗು.

ಮೊದಲು ಅವರು ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತು ಮಾಡಿ ನೋಡಿದರು. ಒಂದೊಂದು ತೂತು ಒಂದೊಂದು ವಿಷಯ. ಆದರೆ ಪಟ್ಟಿಯ ಮಧ್ಯದಲ್ಲಿರೋ ಒಬ್ಬನನ್ನು ಹುಡುಕಬೇಕಾದರೆ ಇಡೀ ಪಟ್ಟಿ ಬಿಚ್ಚಬೇಕು. ಬೇಡದವರನ್ನು ಪಕ್ಕಕ್ಕಿಟ್ಟು ಬೇಕಾದವರನ್ನು ಮಾತ್ರ ಆರಿಸೋಕೂ ಆಗಲ್ಲ.

ಉತ್ತರ ಸಿಕ್ಕಿದ್ದು ರೈಲಿನಲ್ಲಿ! ಅಮೆರಿಕದ ಪಶ್ಚಿಮ ಭಾಗದಲ್ಲಿ ಪ್ರಯಾಣ ಮಾಡುವಾಗ ಕಂಡಕ್ಟರ್ ಟಿಕೆಟ್ಟಿಗೆ ತೂತು ಹಾಕೋದನ್ನು ಅವರು ನೋಡಿದರು. ಬರೀ ಒಂದು ತೂತಲ್ಲ. ಬೇರೆಯವರ ಟಿಕೆಟ್ಟಿನಲ್ಲಿ ಯಾರೂ ಮೋಸ ಮಾಡಬಾರದು ಅಂತ ಪ್ರಯಾಣಿಕನ ಚಹರೆಯನ್ನೇ ತೂತಿನಲ್ಲಿ ಗುರುತು ಮಾಡುತ್ತಿದ್ದ. ಕೂದಲು ಯಾವ ಬಣ್ಣ, ಕಣ್ಣು ಯಾವ ಬಣ್ಣ, ಮೂಗು ದೊಡ್ಡದಾ ಅಂತ. ಹಾಲರಿತ್‌ಗೆ ಥಟ್ಟನೆ ಹೊಳೆಯಿತು. ಒಬ್ಬ ಮನುಷ್ಯನಿಗೆ ಒಂದು ಕಾರ್ಡು! ಅವನ ವಿವರವೆಲ್ಲ ತೂತುಗಳಲ್ಲಿ!

ನಮ್ಮ ಬಂಗಾರಪೇಟೆ ಜಂಕ್ಷನ್‌ನಲ್ಲೂ ಆಗಿನ ಕಾಲಕ್ಕೆ ಸಣ್ಣ ದಪ್ಪ ರಟ್ಟಿನ ಟಿಕೆಟ್ಟು ಕೊಡುತ್ತಿದ್ದರು. ಟಿ.ಸಿ. ಬಂದು ಇಕ್ಕಳದಂಥ ಪಂಚಿನಲ್ಲಿ ಕಟ್ ಅನ್ನಿಸುತ್ತಿದ್ದರು. ಬೌರಿಂಗ್‌ಪೇಟೆ ಅಂತ ಹೆಸರಿದ್ದ ಕಾಲದಲ್ಲೇ, 1894ರಲ್ಲಿ ಅಲ್ಲಿಂದ ಮಾರಿಕುಪ್ಪಂವರೆಗೆ ಗಣಿಗಾಗಿ ರೈಲು ಹಾಕಿದರು. ಉರಿಗಾಂ, ಚಾಂಪಿಯನ್, ಕೋರಮಂಡಲ್ ಅಂತ ಸ್ಟೇಷನ್ನುಗಳು ನಮಗೆಲ್ಲ ಬಾಯಿಪಾಠ. ಎಷ್ಟು ಲಕ್ಷ ಜನ ಆ ತೂತನ್ನು ನೋಡಿರಬಹುದು! ನೋಡಿದವರು ಬಹಳ, ಅದರಲ್ಲಿ ಒಂದು ಯಂತ್ರವನ್ನು ಕಂಡವರು ಒಬ್ಬರು.

ಕೀಲಿಮಣೆಯ ಅಜ್ಜ

1884ರ ಸೆಪ್ಟೆಂಬರಿನಲ್ಲಿ ಹಾಲರಿತ್ ಮೊದಲ ಪೇಟೆಂಟ್ ಅರ್ಜಿ ಹಾಕಿದರು. ಬಾಲ್ಟಿಮೋರ್ ಎಂಬ ಊರಿನ ಸಾವಿನ ಲೆಕ್ಕವನ್ನು ತೆಗೆದುಕೊಂಡು ತಮ್ಮ ವಿಧಾನ ಪರೀಕ್ಷಿಸಿದರು. ಆಗ ಅವರ ಕೈಯಲ್ಲಿ ಇದ್ದದ್ದು ಕಂಡಕ್ಟರ್ ಪಂಚು ಮಾತ್ರ. ಸಾವಿರಾರು ತೂತು ಒತ್ತಿ ಒತ್ತಿ ಅವರ ಕೈಯೇ ಮರಗಟ್ಟಿದಂತಾಯಿತು. ಅದೂ ಅಲ್ಲದೆ ಆ ಪಂಚು ಕಾರ್ಡಿನ ಅಂಚಿಗೆ ಮಾತ್ರ ಮುಟ್ಟುತ್ತೆ, ನಡುವಿನ ಜಾಗ ಎಲ್ಲಾ ವ್ಯರ್ಥ.

ತನ್ನ ಕೈ ನೊಂದಿದ್ದರಿಂದಲೇ ಬೇರೆಯವರ ಕೈ ನೋಯಬಾರದು ಎಂಬ ಯೋಚನೆ ಬಂದಿರಬೇಕು. ಅವರು ಹೊಸ ಪಂಚು ಮಾಡಿದರು. ಮುಂದೆ ಒಂದು ಲೋಹದ ಹಲಗೆ. ಅದರ ತುಂಬಾ ಗುರುತು ಬರೆದ ಕುಳಿಗಳು. ಒಂದು ಹಿಡಿಕೆಯನ್ನು ಬೇಕಾದ ಕುಳಿಯ ಮೇಲೆ ತಂದು ಒತ್ತಿದರೆ ಆ ಹಿಡಿಕೆಯ ಇನ್ನೊಂದು ತುದಿ ಹಿಂದಿರುವ ಕಾರ್ಡಿನಲ್ಲಿ ಅದೇ ಜಾಗದಲ್ಲಿ ತೂತು ಕೊರೆಯುತ್ತೆ. ಕಾರ್ಡಿನಲ್ಲಿ 24 ಸಾಲು, ಸಾಲಿಗೆ 12 ಜಾಗ, ಒಟ್ಟು 288 ಜಾಗ. ಕಾರ್ಡಿನ ಮೇಲೆ ಒಂದಕ್ಷರವೂ ಇಲ್ಲದಿದ್ದರೂ ಪರವಾಗಿಲ್ಲ, ಯಾವ ಜಾಗದಲ್ಲಿ ತೂತಿದೆ ಅನ್ನೋದೇ ಅರ್ಥ. ನಾವು ಈಗ ಒತ್ತುವ ಕೀಲಿಮಣೆಗೆ ಅದೇ ಅಜ್ಜ ಅಂತ ಇಟ್ಟುಕೊಳ್ಳಿ. ಸ್ಪೆಲ್ಲಿಂಗ್‌ಗೆ ಹೆದರಿ ಓಡಿದ ಹುಡುಗ ಅಕ್ಷರವೇ ಬೇಡದ ಬರವಣಿಗೆ ಕಂಡುಹಿಡಿದ!

ಈಗ ಕಾರ್ಡನ್ನು ಓದಬೇಕಲ್ಲ? ಅದಕ್ಕೆ ಇನ್ನೊಂದು ಯಂತ್ರ. ಕಾರ್ಡನ್ನು ಒಂದು ಒತ್ತು ಹಲಗೆಯ ಕೆಳಗಿಟ್ಟು ಹಿಡಿಕೆ ಇಳಿಸಬೇಕು. ಮೇಲಿನಿಂದ ಸ್ಪ್ರಿಂಗ್ ಇರುವ ಸಣ್ಣ ಸಣ್ಣ ಮೊಳೆಗಳು ಇಳಿಯುತ್ತವೆ. ತೂತಿಲ್ಲದ ಕಡೆ ಮೊಳೆ ಕಾರ್ಡಿಗೆ ತಾಗಿ ನಿಲ್ಲುತ್ತೆ. ತೂತಿದ್ದ ಕಡೆ ಒಳಗೆ ಇಳಿದು ಕೆಳಗಿನ ಪುಟ್ಟ ಬಟ್ಟಲಿನ ಪಾದರಸಕ್ಕೆ ಮುಳುಗುತ್ತೆ. ಪಾದರಸ ಲೋಹ ತಾನೇ, ಕೂಡಲೇ ವಿದ್ಯುತ್ ಹರಿಯುತ್ತೆ. ಗಡಿಯಾರದಂಥ ಮುಳ್ಳು ಒಂದು ಮನೆ ಮುಂದೆ ಹೋಗುತ್ತೆ. ಅಂಥ 40 ಗಡಿಯಾರ ಸಾಲಾಗಿ ಇದ್ದವು. ಕಾರ್ಡು ಸರಿಯಾಗಿ ಓದಿಸಿಕೊಂಡರೆ ಟಿಣ್ ಅಂತ ಗಂಟೆ. ಗಂಟೆ ಬಾರದಿದ್ದರೆ ಕಾರ್ಡಿನಲ್ಲಿ ಏನೋ ತಪ್ಪಿದೆ ಅಂತ ಅರ್ಥ, ತೆಗೆದು ನೋಡಬೇಕು. ಪಕ್ಕದಲ್ಲೇ ಖಾನೆಗಳ ಪೆಟ್ಟಿಗೆ. ಈ ಕಾರ್ಡು ಯಾವ ಖಾನೆಗೆ ಸೇರಬೇಕೋ ಆ ಮುಚ್ಚಳ ತಾನೇ ತೆರೆದುಕೊಳ್ಳುತ್ತಿತ್ತು.

ಪಾದರಸ ನಮ್ಮ ಕೆಜಿಎಫ್‌ಗೆ ಹೊಸದಲ್ಲ. ಮೊದಲ ಕಾಲದಲ್ಲಿ ಅದಿರನ್ನು ಕುಟ್ಟಿ ಪುಡಿ ಮಾಡಿ, ನೀರಿನ ಜೊತೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುತ್ತಿದ್ದರು. ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಆಮೇಲೆ ಸೈನೈಡ್ ಬಂತು. ಅದರ ದಿಬ್ಬಗಳು ನಮ್ಮ ಕಣ್ಣ ಮುಂದೆಯೇ ಇವೆಯಲ್ಲ. ಇಲ್ಲಿ ಪಾದರಸ ಕಲ್ಲಿನ ಪುಡಿಯಿಂದ ಚಿನ್ನದ ಕಣ ಹಿಡಿಯಿತು. ಅಲ್ಲಿ ಜನಸಾಗರದಿಂದ ಒಬ್ಬೊಬ್ಬ ಮನುಷ್ಯನನ್ನು ಹಿಡಿಯಿತು. ಗಣಿ ಶಾಲೆಯಲ್ಲಿ ಓದಿದವರಿಗೆ ಪಾದರಸದ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ಪಂದ್ಯದಲ್ಲಿ ಗೆಲುವು

1889ರಲ್ಲಿ ಸರ್ಕಾರ ಒಂದು ಪಂದ್ಯ ಇಟ್ಟಿತು. ಮೂರು ವಿಧಾನ. ಒಬ್ಬರದು ಬಣ್ಣದ ಶಾಯಿಯಲ್ಲಿ ಬರೆದ ಚೀಟಿ, ಇನ್ನೊಬ್ಬರದು ಬಣ್ಣ ಬಣ್ಣದ ಕಾರ್ಡು, ಮೂರನೆಯದು ಹಾಲರಿತ್ ಅವರ ತೂತಿನ ಕಾರ್ಡು. ಸೇಂಟ್ ಲೂಯಿ ನಗರದ 4 ಭಾಗಗಳ 10,491 ಜನರ ವಿವರವನ್ನು ಮೂವರಿಗೂ ಕೊಟ್ಟರು.

ವಿವರವನ್ನು ಚೀಟಿಗೆ ಅಥವಾ ಕಾರ್ಡಿಗೆ ಇಳಿಸಲು ಬೇರೆ ಇಬ್ಬರಿಗೆ 144 ಗಂಟೆ ಮತ್ತು 110 ಗಂಟೆಗೂ ಹೆಚ್ಚು ಹಿಡಿಯಿತು. ಹಾಲರಿತ್‌ಗೆ ಸುಮಾರು 72 ಗಂಟೆ 30 ನಿಮಿಷ. ಆಮೇಲೆ ಎಣಿಸಿ ಪಟ್ಟಿ ಮಾಡಬೇಕು. ಅವರಿಗೆ 55 ಗಂಟೆ ಮತ್ತು ಸುಮಾರು 45 ಗಂಟೆ. ಹಾಲರಿತ್‌ಗೆ? ಬರೀ ಐದೂವರೆ ಗಂಟೆ!

1890ರ ಜನಗಣತಿಯ ಕೆಲಸ ಅವರಿಗೇ ಸಿಕ್ಕಿತು. ದೊಡ್ಡ ದೊಡ್ಡ ಕೋಣೆಗಳಲ್ಲಿ ಗುಮಾಸ್ತರು, ಅವರಲ್ಲಿ ಬಹಳ ಜನ ಹೆಂಗಸರು, ಸಾಲಾಗಿ ಕೂತು ಪಂಚು ಒತ್ತಿದರು. ಒಬ್ಬರು ದಿನಕ್ಕೆ ಸುಮಾರು 700 ಕಾರ್ಡು ಮಾಡುತ್ತಿದ್ದರು. ಬೇಸರವಾದಾಗ ಕೆಲವರು ಬಟ್ಟಲಿನ ಪಾದರಸವನ್ನು ಮೆಲ್ಲಗೆ ತೆಗೆದು ಉಗುಳುವ ಪಾತ್ರೆಗೆ ಸುರಿದುಬಿಡುತ್ತಿದ್ದರು ಎಂಬ ಕಥೆಯಿದೆ. ಯಂತ್ರ ಕೆಟ್ಟಿತು ಅಂದರೆ ಸರಿ ಮಾಡುವವರೆಗೆ ವಿಶ್ರಾಂತಿ! ನಮ್ಮ ಬುದ್ಧಿ ಆಗಲೂ ಇತ್ತು ನೋಡಿ.

ಆರೇ ವಾರದಲ್ಲಿ ಒಟ್ಟು ಲೆಕ್ಕ ಹೊರಬಿತ್ತು. 6 ಕೋಟಿ 26 ಲಕ್ಷ 22 ಸಾವಿರದ 250 ಜನ. ಎಲ್ಲರೂ ಜೈಕಾರ ಹಾಕಿದರು ಅಂದುಕೊಂಡಿರಾ? ಇಲ್ಲ! ತಮ್ಮ ದೇಶದ ಜನಸಂಖ್ಯೆ ಇನ್ನೂ ಹೆಚ್ಚಿದೆ ಅಂತ ಹೆಮ್ಮೆಪಡುತ್ತಿದ್ದವರಿಗೆ ನಿರಾಸೆಯಾಯಿತು. ಯಂತ್ರದ ಮೇಲೆಯೇ ಅನುಮಾನ ಪಟ್ಟರು. ಲೆಕ್ಕ ನಮಗೆ ಬೇಕಾದ ಹಾಗೆ ಬರಲಿಲ್ಲ ಅಂದರೆ ಲೆಕ್ಕದವರನ್ನು ಬೈಯೋದು ಎಲ್ಲ ಕಡೆಯೂ ಇದೆ.

ಅದೇ 1890ರಲ್ಲಿ ಕೊಲಂಬಿಯಾ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ಲೂಸಿಯಾ ಟಾಲ್ಕಟ್ ಅವರೊಂದಿಗೆ ಮದುವೆಯಾಯಿತು. ಅವರಿಗೆ 6 ಜನ ಮಕ್ಕಳು. ಆಸ್ಟ್ರಿಯಾ, ಕೆನಡಾ, ನಾರ್ವೆ, ರಷ್ಯಾ ದೇಶಗಳಿಗೂ ಅವರ ಯಂತ್ರ ಹೋಯಿತು. ರೈಲು ಕಂಪೆನಿಗಳು ಸರಕಿನ ಲೆಕ್ಕಕ್ಕೆ ಬಳಸತೊಡಗಿದವು. ರೈಲಿನಿಂದ ಬಂದ ವಿದ್ಯೆ ರೈಲಿಗೇ ಮರಳಿತು. 1896ರಲ್ಲಿ ಅವರು ಟ್ಯಾಬ್ಯುಲೇಟಿಂಗ್ ಮೆಷೀನ್ ಕಂಪೆನಿ ಶುರು ಮಾಡಿದರು. ಯಂತ್ರವನ್ನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿದ್ದರು.

ಗುಂಡಿ ಬಂತು, ಅಚ್ಚು ತಡವಾಯಿತು

1901ರಲ್ಲಿ ಹಾಲರಿತ್ ಇನ್ನೊಂದು ಪಂಚು ಮಾಡಿದರು. ಇದರಲ್ಲಿ ಹಲಗೆ ಇಲ್ಲ, ಅಂಕಿಗಳ ಗುಂಡಿಗಳೇ ಇವೆ. ಒಂದು ಗುಂಡಿ ಒತ್ತಿದರೆ ಒಂದು ತೂತು, ಕಾರ್ಡು ತಾನೇ ಮುಂದಿನ ಸಾಲಿಗೆ ಸರಿಯುತ್ತೆ. ಈಗ ನಾವು ಒಂದು ಅಕ್ಷರ ಒತ್ತಿದ ಕೂಡಲೇ ಪರದೆಯ ಮೇಲಿನ ಗೀಟು ಮುಂದಕ್ಕೆ ಹೋಗುತ್ತಲ್ಲ, ಅದೇ ರೀತಿ. ಕಣ್ಣು ಹಾಳೆಯ ಮೇಲೆ, ಬೆರಳು ಗುಂಡಿಯ ಮೇಲೆ. ಕೆಲಸದ ವೇಗ ಬಹಳ ಹೆಚ್ಚಿತು.

ಆದರೆ ಒಂದು ಕೊರತೆ ಉಳಿದೇ ಇತ್ತು. ಹಾಲರಿತ್ ಯಂತ್ರ ಎಣಿಸುತ್ತಿತ್ತು, ಬರೆಯುತ್ತಿರಲಿಲ್ಲ. ದಿನದ ಕೊನೆಗೆ ಗುಮಾಸ್ತರು ಗಡಿಯಾರದ ಮುಳ್ಳುಗಳನ್ನು ನೋಡಿ ಪುಸ್ತಕಕ್ಕೆ ಬರೆದುಕೊಳ್ಳಬೇಕು. ಎಷ್ಟು ಚೆನ್ನಾಗಿ ಎಣಿಸಿದರೇನು, ಬರೆಯುವಾಗ 6 ಹೋಗಿ 9 ಆದರೆ ಎಲ್ಲ ಮುಗಿಯಿತು.

ಇಲ್ಲಿಗೆ ಅವರ ಸ್ವಭಾವವನ್ನೂ ಹೇಳಬೇಕು. ದೊಡ್ಡವರ ಜೀವನ ಬರೆಯುವಾಗ ಒಳ್ಳೆಯದನ್ನು ಮಾತ್ರ ಬರೆಯಬಾರದು. ಹಾಲರಿತ್‌ಗೆ ಮೂಗಿನ ತುದಿಯಲ್ಲಿ ಕೋಪ. ತಮ್ಮ ಯಂತ್ರಕ್ಕೆ ತಾವು ಹೇಳಿದ್ದೇ ಬೆಲೆ. ಬಾಡಿಗೆಯ ವಿಷಯದಲ್ಲಿ ಜನಗಣತಿ ಕಚೇರಿಯೊಂದಿಗೆ ಜಗಳವಾಯಿತು. 1905ರ ಹೊತ್ತಿಗೆ ಸಂಬಂಧವೇ ಮುರಿಯಿತು. ಸರ್ಕಾರ ತಾನೇ ಕಾರ್ಖಾನೆ ಮಾಡಿ ಜೇಮ್ಸ್ ಪವರ್ಸ್ ಎಂಬ ಎಂಜಿನಿಯರನ್ನು ಕೂರಿಸಿತು. ಹಾಲರಿತ್ ಕೋರ್ಟಿಗೆ ಹೋದರು, ಗೆಲ್ಲಲಿಲ್ಲ. ಪವರ್ಸ್ ಮುಂದೆ ಸ್ವಂತ ಕಂಪೆನಿ ಮಾಡಿ, ಎಣಿಸಿದ್ದನ್ನು ಕಾಗದದ ಮೇಲೆ ತಾನೇ ಅಚ್ಚು ಹಾಕುವ ಯಂತ್ರ ತಂದರು. ಹಾಲರಿತ್ ಶುರು ಮಾಡಿದ ಕಂಪೆನಿಗೆ ಅಚ್ಚು ಹಾಕುವ ಯಂತ್ರ ಬಂದದ್ದು 1920ರ ಹೊತ್ತಿಗೆ. ಮೊದಲು ಬಂದವರು ಹಿಂದೆ ಬಿದ್ದರು. ಜಗಳಕ್ಕೆ ಕೊಟ್ಟ ಸಮಯವನ್ನು ಯಂತ್ರಕ್ಕೆ ಕೊಟ್ಟಿದ್ದರೆ ಏನಾಗುತ್ತಿತ್ತೋ!

1911ರಲ್ಲಿ ಅವರು ತಮ್ಮ ಕಂಪೆನಿಯನ್ನು ಬಿಟ್ಟುಕೊಟ್ಟರು. ಅವರ ಪಾಲಿಗೆ ಸುಮಾರು 12 ಲಕ್ಷ ಡಾಲರ್ ಬಂತು. ಬೇರೆ ಕಂಪೆನಿಗಳ ಜೊತೆ ಸೇರಿ ಅದೇ ಸಂಸ್ಥೆ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಹೌದು, ಅದೇ ಐಬಿಎಂ! ಹಾಲರಿತ್ 1921ರವರೆಗೆ ಸಲಹೆಗಾರರಾಗಿದ್ದು, ಆಮೇಲೆ ಹೊಲ, ತೋಟ, ಹಸು ಸಾಕಣೆ ಅಂತ ನೆಮ್ಮದಿಯಾಗಿದ್ದರು. 1929ರ ನವೆಂಬರ್ 17ರಂದು ವಾಷಿಂಗ್ಟನ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ 69 ವರ್ಷ.

ಅವರು ಹೋದ ಮೇಲೆ

ಅವರು ಸಾಯುವ ಮುಂಚಿನ ವರ್ಷ, 1928ರಲ್ಲಿ, ಐಬಿಎಂ 80 ಸಾಲಿನ ಕಾರ್ಡು ತಂದಿತು. ಕಂಪ್ಯೂಟರ್ ಬಂದಾಗ ಅದಕ್ಕೆ ಕೆಲಸ ಹೇಳಿದ್ದು ಇದೇ ಕಾರ್ಡಿನಲ್ಲಿ. ನಮ್ಮ ದೇಶದಲ್ಲೂ 1960, 70ರ ದಶಕದಲ್ಲಿ ಕಂಪ್ಯೂಟರ್ ಕಲಿತವರು ಕಾರ್ಡಿನ ಕಟ್ಟು ಹೊತ್ತು ತಿರುಗಿದವರೇ. ಒಂದು ಕಾರ್ಡಿಗೆ ಪ್ರೋಗ್ರಾಮಿನ ಒಂದೇ ಸಾಲು. ಕಟ್ಟು ಕೈಜಾರಿ ಬಿದ್ದರೆ ಗತಿಯಿಲ್ಲ, ಎಲ್ಲಾ ಮತ್ತೆ ಜೋಡಿಸಬೇಕು. ಕಾರ್ಡು ಕೊಟ್ಟು ಬಂದು ಕಾಯಬೇಕು. ಉತ್ತರ ಅಚ್ಚಾಗಿ ಬಂದಾಗ ಒಂದು ಚುಕ್ಕಿ ತಪ್ಪಿದ್ದರೂ ಮತ್ತೆ ಮೊದಲಿಂದ. ಮುಂದೆ ಪರದೆ ಬಂದಾಗ ಅದರಲ್ಲೂ ಸಾಲಿಗೆ 80 ಅಕ್ಷರವೇ ಇಟ್ಟರು. ಕಾರ್ಡು ಸತ್ತರೂ ಅದರ ಅಳತೆ ಬದುಕಿತ್ತು.

ಪ್ರಿಂಟರೂ ಬೆಳೆಯಿತು. 1959ರಲ್ಲಿ ಬಂದ ಐಬಿಎಂ 1403 ಎಂಬ ಪ್ರಿಂಟರ್ ನಿಮಿಷಕ್ಕೆ 600 ಸಾಲು ಹೊಡೆಯುತ್ತಿತ್ತು, ಸಾಲಿಗೆ 132 ಅಕ್ಷರ! ಕಾಗದ ಮಡಿಸಿದ ಹಾಗೆ ಉದ್ದಕ್ಕೆ, ಎರಡು ಅಂಚಿನಲ್ಲೂ ಸಾಲಾಗಿ ತೂತು. ಹಲ್ಲಿನ ಚಕ್ರ ಆ ತೂತು ಹಿಡಿದು ಎಳೆಯುತ್ತೆ. ನಮ್ಮ ಶಾಲೆಯಲ್ಲಿ ಕರ್ರ್ ಅನ್ನೋ ಪ್ರಿಂಟರ್ ಇದೆಯಲ್ಲ, ಅದರಲ್ಲಿ ಸಣ್ಣ ಸಣ್ಣ ಸೂಜಿಗಳಿವೆ. ಅವು ರಿಬ್ಬನ್ನಿಗೆ ಕುಟ್ಟಿ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತವೆ. ಹಾಲರಿತ್ ಯಂತ್ರದ ಮೊಳೆ ಓದುತ್ತಿತ್ತು, ಈ ಸೂಜಿ ಬರೆಯುತ್ತೆ.

ಕನ್ನಡಕ್ಕೂ ಕೀಲಿಮಣೆ ಬಂತು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಇಂಗ್ಲಿಷ್ ಗುಂಡಿಗಳ ಮೇಲೆಯೇ ಕನ್ನಡದ ಉಚ್ಚಾರಣೆಗೆ ಹೊಂದುವ ಹಾಗೆ ಅಕ್ಷರ ಹಂಚಿದರು. ನುಡಿ ತಂತ್ರಾಂಶದಲ್ಲಿ ನಾವು ಒತ್ತೋದು ಆ ದಾರಿಯ ಕೀಲಿಮಣೆಯನ್ನೇ. ಇಂಗ್ಲಿಷಿನ ಕೆ ಒತ್ತಿದರೆ ಕನ್ನಡದ ಕ ಬರುತ್ತೆ.

ಒಂದು ಕಹಿ ವಿಷಯವನ್ನೂ ಮುಚ್ಚಿಡಬಾರದು. ಹಾಲರಿತ್ ತೀರಿಕೊಂಡ ನಂತರ, 1933ರಲ್ಲಿ ಹಿಟ್ಲರನ ಜರ್ಮನಿಯ ಜನಗಣತಿಯನ್ನು ಎಣಿಸಿದ್ದೂ ಹಾಲರಿತ್ ಯಂತ್ರಗಳೇ. ಯಾರು ಯಾವ ಧರ್ಮದವರು ಎಂಬುದೂ ಆ ಕಾರ್ಡುಗಳಲ್ಲಿ ತೂತಾಗಿತ್ತು. ಮುಂದೆ ಅಲ್ಲಿ ಯಹೂದಿಗಳಿಗೆ ಏನಾಯಿತು ಅಂತ ಇತಿಹಾಸದ ಪಾಠದಲ್ಲಿ ಓದಿದ್ದೇವೆ. ಯಂತ್ರಕ್ಕೆ ಕರುಣೆ ಗೊತ್ತಿಲ್ಲ. ಎಣಿಸುವವರಿಗೆ ಗೊತ್ತಿರಬೇಕು.

ನಾನು ಕಲಿತದ್ದು

2011ರ ಜನಗಣತಿಯಲ್ಲಿ ನಮ್ಮ ದೇಶದ ಜನಸಂಖ್ಯೆ 121 ಕೋಟಿ ದಾಟಿತ್ತು. ಅದರಲ್ಲಿ ನಮ್ಮ ತಾತನೂ ಒಬ್ಬರು. 121 ಕೋಟಿಯಲ್ಲಿ ಒಂದು ಅಂದರೆ ಏನೂ ಅಲ್ಲ ಅನ್ನಿಸಬಹುದು. ಆದರೆ ನಮ್ಮ ಮನೆಗೆ ಆ ಒಬ್ಬರೇ ತಾತ. ಅವರ ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ಎಷ್ಟು ಅಲೆದಾಟವಾಯಿತು ಅಂತ ಆಗಲೇ ಹೇಳಿದೆ. ಹಾಲರಿತ್ ಯಂತ್ರ ತಪ್ಪಿದ್ದರೆ ಗಂಟೆ ಬಾರಿಸುತ್ತಿರಲಿಲ್ಲ. ನಂತರದ ಕಾಲದಲ್ಲಿ ಒಬ್ಬರು ಹೊಡೆದದ್ದನ್ನು ಇನ್ನೊಬ್ಬರು ಮತ್ತೆ ಹೊಡೆದು ತಾಳೆ ನೋಡುವ ಯಂತ್ರವೂ ಬಂತು. ಎರಡೂ ಒಂದೇ ಆಗದಿದ್ದರೆ ಅಲ್ಲೇ ನಿಲ್ಲುತ್ತಿತ್ತು. ಅತ್ತೆಯೂ ಕೆಲಸದಲ್ಲಿ ಪ್ರತಿ ಹೆಸರನ್ನೂ ಎರಡು ಸಲ ಓದಿಯೇ ಮುಂದೆ ಹೋಗುತ್ತಿದ್ದರಂತೆ. ಯಾಕೆ ಅಂತ ಕೇಳಿದೆ. ತಮ್ಮ ಅಪ್ಪ ಕಾಗದ ಹಿಡಿದು ಅಲೆದದ್ದು ಕಣ್ಣ ಮುಂದೆ ಬರುತ್ತಿತ್ತಂತೆ.

ಗೆಳೆಯರೆ, ಮುಂದೆ ನಮ್ಮಲ್ಲಿ ಎಷ್ಟೋ ಜನ ಕೀಲಿಮಣೆ ಮುಂದೆ ಕೂತು ಕೆಲಸ ಮಾಡುತ್ತೇವೆ. ಆಗ ಪ್ರತಿ ಹೆಸರಿನ ಹಿಂದೆ ಒಬ್ಬರು ಕಾಯುತ್ತಾ ಕೂತಿದ್ದಾರೆ ಅಂತ ನೆನಪಿಡೋಣ. ನಾನಂತೂ ಈಗ ಪ್ರಿಂಟ್ ಕೊಡುವ ಮುಂಚೆ ಎರಡು ಸಲ ಓದುತ್ತೇನೆ.

ನೀವೂ ಮಾಡಿ ನೋಡಿ : ಹಳೆ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ, ತರಗತಿಯ ಪ್ರತಿಯೊಬ್ಬರಿಗೂ ಒಂದು ಕಾರ್ಡು ಮಾಡಿ. ಎಲ್ಲದರ ಮೇಲಂಚಿನಲ್ಲೂ ಅದೇ ಅದೇ ಜಾಗದಲ್ಲಿ 4 ತೂತು ಹಾಕಿ. 1ನೆಯದು ಹುಡುಗಿ, 2ನೆಯದು ನಡೆದು ಬರುವವರು, 3ನೆಯದು ಮನೆಯಲ್ಲಿ ತೆಲುಗು ಮಾತು, 4ನೆಯದು ತಮಿಳು ಮಾತು. ಹೌದು ಅಂತ ಇದ್ದರೆ ಆ ತೂತನ್ನು ಅಂಚಿನವರೆಗೆ ಕತ್ತರಿಸಿ ಬಾಯಿ ತೆರೆಯಿರಿ. ಕಾರ್ಡೆಲ್ಲ ಜೋಡಿಸಿ, ಬೇಕಾದ ತೂತಿಗೆ ಕಡ್ಡಿ ತೂರಿಸಿ ಮೇಲೆತ್ತಿ ಅಲ್ಲಾಡಿಸಿ. ಹೌದು ಅಂದವರ ಕಾರ್ಡು ಕೆಳಗೆ ಬೀಳುತ್ತೆ! ಇದು ಹಾಲರಿತ್ ಯಂತ್ರದ ವಿಧಾನವೇ ಅಲ್ಲ, ಅದರ ನೆಂಟ.

ಯೋಚಿಸಿ ಹೇಳಿ : 1860ರ ಫೆಬ್ರವರಿ 29ರಂದು ಹುಟ್ಟಿದ ಹಾಲರಿತ್ 1929ರಲ್ಲಿ ತೀರಿಕೊಂಡರು. ಹುಟ್ಟಿದ ದಿನವನ್ನು ಬಿಟ್ಟು ಅವರಿಗೆ ಎಷ್ಟು ಸಲ ಫೆಬ್ರವರಿ 29 ಬಂತು? (ಸುಳಿವು : 1900ನೇ ಇಸವಿಯ ಬಗ್ಗೆ ಲೆಕ್ಕದ ಮೇಷ್ಟ್ರನ್ನು ಕೇಳಿ.) ಉತ್ತರ ಬರೆದು ಗೋಡೆ ಪತ್ರಿಕೆಯ ಡಬ್ಬಿಗೆ ಹಾಕಿ. ಹೆಸರು ತಪ್ಪಿಲ್ಲದೆ ಬರೆಯಿರಿ!